ವಾಹನವೇಗದ ತ್ರಿಕೋನಮಿತೀಯ ಗಣನೆ

ವಾಹನವೇಗದ ತ್ರಿಕೋನಮಿತೀಯ ಗಣನೆ ಎಂಬುದು, ಚಲಿಸುತ್ತಿರುವ ವಾಹನದ ವೇಗವನ್ನು ಅದರೊಳಗಿನ ವೇಗಸೂಚಕದ ನೆರವಿಲ್ಲದೆ, ಹೊರಗೆ ನಿಂತ ವೀಕ್ಷಕನು ಅಳೆಯಬಲ್ಲ ಉದ್ದ, ಕೋನ ಮತ್ತು ಕಾಲ ಎಂಬ ಮೂರು ಪರಿಮಾಣಗಳಿಂದ ನಿರ್ಣಯಿಸುವ ಕ್ರಮ. ವೇಗವನ್ನು ಅಳತೆಗೋಲಿನಿಂದಲೋ ತಕ್ಕಡಿಯಿಂದಲೋ ಅಳೆಯಲು ಬಾರದು. ಕ್ರಮಿಸಿದ ದೂರವನ್ನು ಅದಕ್ಕೆ ಹಿಡಿದ ಕಾಲದಿಂದ ಭಾಗಿಸಿಯೇ ಅದನ್ನು ಪಡೆಯತಕ್ಕದ್ದು. ಇವೆರಡರಲ್ಲಿ ಕಾಲವನ್ನು ಗಡಿಯಾರ ತಿಳಿಸುತ್ತದೆ. ದೂರವನ್ನು, ವಾಹನಗಳು ಎಡೆಬಿಡದೆ ಓಡುವ ರಸ್ತೆಗೆ ಇಳಿದು ಟೇಪು ಹಿಡಿಯಲಾಗದ ಎಡೆಯಲ್ಲಿ, ಒಂದು ಬಾಹುವನ್ನೂ ಒಂದು ಕೋನವನ್ನೂ ತಿಳಿದ ಲಂಬಕೋನ ತ್ರಿಭುಜ ತಿಳಿಸುತ್ತದೆ. ಸಂಚಾರ ಇಂಜಿನಿಯರಿಂಗ್, ವೇಗಮಿತಿಯ ಪಾಲನೆ, ಅಪಘಾತಗಳ ತನಿಖೆ ಮತ್ತು ಶಾಲಾ ಗಣಿತದ ಬೋಧನೆ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಈ ಕ್ರಮವು ನೇರವಾಗಿ ಇಲ್ಲವೇ ಉಪಕರಣಗಳೊಳಗೆ ಅಡಗಿದ ರೂಪದಲ್ಲಿ ಬಳಕೆಯಲ್ಲಿದೆ.

ಪರಿಭಾಷೆ

ಭೌತವಿಜ್ಞಾನದಲ್ಲಿ ದಿಕ್ಕನ್ನು ಗಣನೆಗೆ ತಾರದ ಪರಿಮಾಣವನ್ನು ಜವವೆಂದೂ ದಿಕ್ಕಿನೊಡನೆ ಕೂಡಿದುದನ್ನು ವೇಗವೆಂದೂ ಬೇರ್ಪಡಿಸುವುದು ವಾಡಿಕೆ. ಪ್ರಸ್ತುತ ವಿಷಯದಲ್ಲಿ ವಾಹನವು ನೇರವಾದ ರಸ್ತೆಯ ತುಂಡಿನ ಮೇಲೆ ಒಂದೇ ದಿಕ್ಕಿನಲ್ಲಿ ಸಾಗುವುದೆಂದು ಭಾವಿಸುವುದರಿಂದ ವೇಗ ಎಂಬ ಒಂದೇ ಶಬ್ದವನ್ನು ಎಲ್ಲೆಡೆಯಲ್ಲೂ ಇರಿಸಿಕೊಂಡಿದೆ. ಒಂದು ಅಂತರದ ಉದ್ದಕ್ಕೂ ತಗಲಿದ ಕಾಲದಿಂದ ದೊರೆತದ್ದು ಸರಾಸರಿ ವೇಗ. ಆ ಅಂತರವನ್ನು ಕಿರಿದುಗೊಳಿಸುತ್ತ ಹೋದಂತೆ ಅದು ಸಮೀಪಿಸುವ ಬೆಲೆ ತತ್‌ಕ್ಷಣದ ವೇಗ.

ಯಾವ ಅಂತರವನ್ನು ವಾಹನ ದಾಟುವ ಕಾಲವನ್ನು ಅಳೆಯುತ್ತೇವೆಯೋ ಅದು ಆಧಾರರೇಖೆ. ವೀಕ್ಷಕನಿಂದ ವಾಹನದ ಪಥಕ್ಕೆ ಎಳೆದ ಲಂಬದ ಉದ್ದ ಲಂಬದೂರ. ಆ ಲಂಬವು ಪಥವನ್ನು ಸಂಧಿಸುವ ಎಡೆ ಲಂಬಪಾದ. ವೀಕ್ಷಕನ ಕಣ್ಣಿನಿಂದ ವಾಹನಕ್ಕೆ ಎಳೆದ ಗೆರೆ ದೃಷ್ಟಿರೇಖೆ. ದೃಷ್ಟಿರೇಖೆಗೂ ಲಂಬಕ್ಕೂ ನಡುವಣ ಕೋನ ದಿಕ್ಕೋನ. ದೃಷ್ಟಿರೇಖೆಗೂ ವಾಹನದ ಪಥಕ್ಕೂ ನಡುವಣ ಕೋನ ಓರೆಕೋನ. ಎತ್ತರದಿಂದ ಕೆಳಕ್ಕೆ ನೋಡುವಾಗ ದೃಷ್ಟಿರೇಖೆಯು ಕ್ಷಿತಿಜ ಸಮಾಂತರ ರೇಖೆಯೊಡನೆ ಮಾಡುವ ಕೋನ ಅವನತ ಕೋನ. ಸಂಸ್ಕೃತ ಗಣಿತದಲ್ಲಿ ಜ್ಯಾ ಎಂಬುದು ಇಂದು ಸೈನ್ ಎಂದು ಕರೆಯುವ ಪರಿಮಾಣಕ್ಕೂ ಸಲ್ಲುತ್ತಿದ್ದರೂ, ಇಲ್ಲಿ ಜ್ಯಾ ಎಂದರೆ ವೃತ್ತದ ಎರಡು ಬಿಂದುಗಳನ್ನು ಕೂಡಿಸುವ ಸರಳರೇಖೆಯೆಂದೂ, ತ್ರಿಕೋನಮಿತಿಯ ಅನುಪಾತಗಳು ಸೈನ್, ಕೊಸೈನ್, ಟ್ಯಾನ್, ಕಾಟ್ ಎಂದೂ ತಿಳಿಯತಕ್ಕದ್ದು. ಏಕಮಾನಗಳಲ್ಲಿ ಸೆಕೆಂಡಿಗೆ ಒಂದು ಮೀಟರು ಗಂಟೆಗೆ 3.6 ಕಿಲೋಮೀಟರಿಗೆ ಸಮ.

ಉಗಮ ಮತ್ತು ಬೆಳವಣಿಗೆ

ತಿಳಿದ ಉದ್ದವನ್ನು ದಾಟಲು ಹಿಡಿಯುವ ಕಾಲದಿಂದ ವೇಗವನ್ನು ಕಾಣುವ ಪದ್ಧತಿ ರಸ್ತೆಗಿಂತ ಮೊದಲು ಕಡಲಿನಲ್ಲಿ ನೆಲೆಗೊಂಡಿತು. 16ನೆಯ ಶತಮಾನದಿಂದ ಐರೋಪ್ಯ ನಾವಿಕರು ಗಂಟುಗಳುಳ್ಳ ಹಗ್ಗದ ತುದಿಗೆ ಹಲಗೆಯ ತುಂಡನ್ನು ಕಟ್ಟಿ ನೀರಿಗೆ ಬಿಟ್ಟು, ಮರಳುಗಡಿಯಾರ ಬರಿದಾಗುವಷ್ಟರಲ್ಲಿ ಕೈಯಿಂದ ಜಾರಿಹೋದ ಗಂಟುಗಳನ್ನು ಎಣಿಸುತ್ತಿದ್ದರು. ಕಾಲಾಂತರದಲ್ಲಿ ನಿಶ್ಚಿತವಾದ ಪ್ರಮಾಣದಲ್ಲಿ, ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ ಅಂತರವಿರಿಸಿ 28 ಸೆಕೆಂಡುಗಳ ಮರಳುಗಡಿಯಾರವನ್ನು ಬಳಸಿದರೆ, ಎಣಿಸಿದ ಗಂಟುಗಳ ಸಂಖ್ಯೆಯೇ ಗಂಟೆಗೆ ಇಷ್ಟು ನಾವಿಕ ಮೈಲಿ ಎಂಬ ವೇಗವಾಗುತ್ತಿತ್ತು.

ಮುಟ್ಟಲಾಗದ ದೂರವನ್ನು ಕೋನದಿಂದ ಕಾಣುವ ವಿದ್ಯೆ ಇನ್ನೂ ಪುರಾತನವಾದದ್ದು. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ಖಗೋಳಜ್ಞ ಹಿಪಾರ್ಕಸ್‌ನ ಕಾಲದಲ್ಲಿ ಜ್ಯಾಗಳ ಉದ್ದವನ್ನು ಕೋಷ್ಟಕದಲ್ಲಿ ಕೊಡುವ ಕ್ರಮ ಆರಂಭವಾಯಿತು. ಕ್ರಿ.ಶ. 499ರ ಆರ್ಯಭಟೀಯವು ಇಡೀ ಜ್ಯಾದ ಬದಲಿಗೆ ಅರ್ಧಜ್ಯಾವನ್ನು ಹಿಡಿದು, 3 ಡಿಗ್ರಿ 45 ಮಿನಿಟುಗಳ ಅಂತರದಲ್ಲಿ 24 ಬೆಲೆಗಳನ್ನು ನೀಡಿತು. ಇಂದಿನ ಸೈನ್ ಕೋಷ್ಟಕಗಳ ಮೂಲ ಇದೇ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಛಾಯಾವ್ಯವಹಾರಕ್ಕೆ, ಎಂದರೆ ನೆರಳಿನ ಉದ್ದದಿಂದ ಎತ್ತರವನ್ನೂ ಕಾಲವನ್ನೂ ಕಾಣುವ ಲೆಕ್ಕಕ್ಕೆ, ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ವಿಲಿಯಂ ಲ್ಯಾಂಬ್ಟನ್ ಅಳೆಯಲಾರಂಭಿಸಿದ ಆಧಾರರೇಖೆಯಿಂದ ಹೊರಟು ಮೈಸೂರು ಸೀಮೆಯನ್ನೂ ಒಳಗೊಂಡು ಬೆಳೆದ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣವು, ಕೆಲವೇ ಉದ್ದಗಳನ್ನು ಎಚ್ಚರದಿಂದ ಅಳೆದು ಮಿಕ್ಕುದನ್ನೆಲ್ಲ ಕೋನಗಳಿಂದ ಸಾಧಿಸುವ ಈ ತತ್ತ್ವವನ್ನು ಉಪಖಂಡದ ಪ್ರಮಾಣದಲ್ಲಿ ಸ್ಥಿರಪಡಿಸಿತು.

ಈ ಎರಡು ಧಾರೆಗಳೂ ಸಂಧಿಸುವ ಅಗತ್ಯ ಹುಟ್ಟಿದ್ದು ಮೋಟಾರು ವಾಹನದ ಆಗಮನದಿಂದ. 1896ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಪ್ಯಾಡಕ್ ವುಡ್ ಎಂಬಲ್ಲಿ, ಗಂಟೆಗೆ 2 ಮೈಲಿಯ ಮಿತಿಯಿದ್ದೆಡೆ 8 ಮೈಲಿ ವೇಗದಲ್ಲಿ ಹೋದ ವಾಲ್ಟರ್ ಅರ್ನಾಲ್ಡ್ ಎಂಬಾತನನ್ನು ಪೇದೆಯೊಬ್ಬನು ಸೈಕಲ್ಲೇರಿ ಅಟ್ಟಿ ಹಿಡಿದನು. 1903ರ ಮೋಟಾರು ಕಾರು ಶಾಸನ ಮಿತಿಯನ್ನು ಗಂಟೆಗೆ 20 ಮೈಲಿಗೆ ಏರಿಸಿತು. ವಾಹನಗಳ ವೇಗ ಹೆಚ್ಚಿದಂತೆ ಬೆನ್ನಟ್ಟಿ ಹಿಡಿಯುವುದು ಕಷ್ಟವಾಗಿ, ಅಳೆದಿಟ್ಟ ರಸ್ತೆಯ ತುಂಡಿನ ಎರಡು ಕೊನೆಗಳಲ್ಲಿ ಪೊಲೀಸರು ಮರೆಯಾಗಿ ನಿಂತು ವಿರಾಮ ಗಡಿಯಾರದಿಂದ ಕಾಲವನ್ನು ಗುರುತಿಸುವ ಪದ್ಧತಿ ಬಂದಿತು. ಇಂಥ ಹೊಂಚುಗಳ ಸುಳಿವನ್ನು ಸದಸ್ಯರಿಗೆ ಮುಟ್ಟಿಸುವುದಕ್ಕಾಗಿಯೇ 1905ರಲ್ಲಿ ಅಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಡಾಪ್ಲರ್ ತತ್ತ್ವವನ್ನು, ಎಂದರೆ ಚಲಿಸುವ ವಸ್ತುವಿನಿಂದ ಮರಳಿದ ತರಂಗದ ಆವೃತ್ತಿ ಬದಲಾಗುವ ನಿಯಮವನ್ನು, ಆಶ್ರಯಿಸಿದ ರೇಡಾರ್ ವೇಗಮಾಪಕವು 1947ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗ್ಲಾಸ್ಟನ್‌ಬರಿಯಲ್ಲಿ ಪ್ರಯೋಗಕ್ಕೆ ಬಂದಿತು. ಡಚ್ ಮೋಟಾರು ಪಂದ್ಯಗಾರ ಮಾರಿಸ್ ಗಾಟ್ಸೊನೀಡಸ್, ತಿರುವುಗಳಲ್ಲಿ ತನ್ನ ವೇಗವನ್ನು ತಿಳಿಯುವ ಉದ್ದೇಶದಿಂದ ರಚಿಸಿದ ಸಾಧನವನ್ನು ಬೆಳೆಸಿ 1958ರಲ್ಲಿ ಸ್ಥಾಪಿಸಿದ ಉದ್ಯಮವು ಮುಂದೆ ವೇಗದ ಕ್ಯಾಮರಾಗಳಿಗೆ ಹೆಸರಾಯಿತು.

ಗಣಿತದ ರಚನೆ

ವೀಕ್ಷಕನು ರಸ್ತೆಯಿಂದ ದೂರದಲ್ಲಿ ನಿಂತಿರುವನೆಂದೂ, ಲಂಬದೂರ 'ಲ' ಎಂದೂ ಇಟ್ಟುಕೊಳ್ಳೋಣ. ವಾಹನವು ಲಂಬಪಾದದ ಎಡಗಡೆ ಇರುವಾಗ ದಿಕ್ಕೋನ 'ಕ'. ಲಂಬಪಾದವನ್ನು ದಾಟಿ ಬಲಗಡೆಗೆ ಹೋದ ಮೇಲೆ ದಿಕ್ಕೋನ 'ಖ'. ಇವೆರಡರ ನಡುವೆ ಕಳೆದ ಕಾಲ 'ಸ'. ಆಗ ಉಂಟಾಗುವ ಎರಡು ಲಂಬಕೋನ ತ್ರಿಭುಜಗಳಿಗೂ ಲಂಬದೂರವೇ ಪಾರ್ಶ್ವ ಬಾಹುವಾಗಿಯೂ, ರಸ್ತೆಯ ಮೇಲಣ ಅಂತರಗಳು ಅಭಿಮುಖ ಬಾಹುಗಳಾಗಿಯೂ ಇರುವುದರಿಂದ ಈ ಸೂತ್ರ ಸಿದ್ಧಿಸುತ್ತದೆ:

ವೇಗ = ಲ × (ಟ್ಯಾನ್ ಕ + ಟ್ಯಾನ್ ಖ) ÷ ಸ

ವಾಹನವು ಎರಡು ಸಲವೂ ಲಂಬಪಾದದ ಒಂದೇ ಪಾರ್ಶ್ವದಲ್ಲಿದ್ದರೆ ಕೂಡುವುದಕ್ಕೆ ಬದಲಾಗಿ ಹಿರಿದಾದ ಟ್ಯಾನ್ ಬೆಲೆಯಿಂದ ಕಿರಿದಾದುದನ್ನು ಕಳೆಯಬೇಕು. ನಿದರ್ಶನಕ್ಕೆ, ಲಂಬದೂರ 30 ಮೀಟರು, ಎಡಗಡೆಯ ದಿಕ್ಕೋನ 45 ಡಿಗ್ರಿ, ಬಲಗಡೆಯದು 30 ಡಿಗ್ರಿ, ಕಾಲ 3.4 ಸೆಕೆಂಡು ಆಗಿದ್ದರೆ, ಟ್ಯಾನ್ ಬೆಲೆಗಳು ಕ್ರಮವಾಗಿ 1 ಮತ್ತು 0.577 ಇರುವುದರಿಂದ ಕ್ರಮಿಸಿದ ದೂರ 47.3 ಮೀಟರು, ವೇಗ ಸೆಕೆಂಡಿಗೆ 13.9 ಮೀಟರು, ಎಂದರೆ ಗಂಟೆಗೆ ಸುಮಾರು 50 ಕಿಲೋಮೀಟರು.

ತತ್‌ಕ್ಷಣದ ವೇಗವನ್ನು ಬಯಸಿದರೆ, ದಿಕ್ಕೋನವು ಬದಲಾಗುವ ಪ್ರಮಾಣವನ್ನು, ಎಂದರೆ ರೇಡಿಯನ್‌ಗಳಲ್ಲಿ ಅಳೆದ ಕೋನೀಯ ವೇಗವನ್ನು, ಲಂಬದೂರದಿಂದ ಗುಣಿಸಿ ದಿಕ್ಕೋನದ ಕೊಸೈನ್‌ನ ವರ್ಗದಿಂದ ಭಾಗಿಸಬೇಕು. ವಾಹನವು ಲಂಬಪಾದದಲ್ಲಿರುವ ಕ್ಷಣದಲ್ಲಿ ಕೊಸೈನ್ 1 ಆಗುವುದರಿಂದ ಲಂಬದೂರ ಮತ್ತು ಕೋನೀಯ ವೇಗಗಳ ಗುಣಲಬ್ಧವೇ ಅದರ ವೇಗ. ಸಮವೇಗದಲ್ಲಿ ಸಾಗುವ ವಾಹನವು ದೂರದಲ್ಲಿರುವಾಗ ನಿಧಾನವಾಗಿಯೂ ಎದುರಿಗೆ ಬಂದೊಡನೆ ಧಾವಿಸುವಂತೆಯೂ ತೋರುವುದಕ್ಕೆ ಈ ಕೊಸೈನ್ ವರ್ಗವೇ ಕಾರಣ.

ಲಂಬಪಾದವನ್ನು ಗುರುತಿಸಲಾಗದ ಎಡೆಯಲ್ಲಿ ವೀಕ್ಷಕನಿಂದ ಆಧಾರರೇಖೆಯ ಎರಡು ಕೊನೆಗಳಿಗೆ ಇರುವ ದೂರಗಳನ್ನೂ ಅವುಗಳ ನಡುವಣ ಕೋನವನ್ನೂ ಅಳೆದು, ತ್ರಿಭುಜದ ಕೊಸೈನ್ ನಿಯಮದಿಂದ ಮೂರನೆಯ ಬಾಹುವನ್ನು ಪಡೆಯುವುದುಂಟು. ದೂರಗಳು 40 ಮತ್ತು 50 ಮೀಟರು, ಕೋನ 60 ಡಿಗ್ರಿ ಆದರೆ ಆಧಾರರೇಖೆಯ ಉದ್ದ 45.8 ಮೀಟರು.

ವಿಧಾನಗಳು

1. ಅಳೆದ ಅಂತರದ ವಿಧಾನ. ರಸ್ತೆಯ ಬದಿಯಲ್ಲಿ ನೇರವಾಗಿ ಅಳೆದು ಗುರುತಿಸಿದ ಅಂತರವನ್ನು ವಾಹನ ದಾಟುವ ಕಾಲವನ್ನು ನೋಡುವ ಈ ವಿಧಾನ ಎಲ್ಲಕ್ಕಿಂತ ಸರಳವಾದದ್ದು. ಕೋನದ ಅಳತೆ ಇದರಲ್ಲಿ ಇಲ್ಲ. ಆದರೆ ವೀಕ್ಷಕನು ದೂರದ ಕೊನೆಯನ್ನು ಓರೆಯಾಗಿ ನೋಡುವುದರಿಂದ ವಾಹನವು ಗುರುತನ್ನು ಯಾವಾಗ ದಾಟಿತೆಂಬುದು ಅನಿಶ್ಚಿತವಾಗುತ್ತದೆ. ಇದನ್ನು ನಿವಾರಿಸುವುದಕ್ಕೆ ಸಂಚಾರ ಇಂಜಿನಿಯರುಗಳು ಎನೋಸ್ಕೋಪ್ ಎಂಬ ಕನ್ನಡಿಪೆಟ್ಟಿಗೆಯನ್ನು ಬಳಸುತ್ತಾರೆ. ಇದು ಎರಡು ಕೊನೆಗಳೂ ತೆರೆದಿರುವ, ನಡುವೆ ಲಂಬಕೋನದಲ್ಲಿ ಮುರಿದ ಕೊಳವೆಯಾಕಾರದ ಪೆಟ್ಟಿಗೆ. ಮುರಿದ ಮೂಲೆಯಲ್ಲಿ 45 ಡಿಗ್ರಿ ಓರೆಯಾಗಿ ಕನ್ನಡಿಯನ್ನು ಕೂಡಿಸಿರುತ್ತದೆ. ಆಧಾರರೇಖೆಯ ಒಂದು ಕೊನೆಯಲ್ಲಿ ಪೆಟ್ಟಿಗೆಯನ್ನು ಮುಕ್ಕಾಲಿಯ ಮೇಲಿರಿಸಿ ಇನ್ನೊಂದು ಕೊನೆಯಲ್ಲಿ ನಿಂತ ವೀಕ್ಷಕನಿಗೆ, ವಾಹನವು ಪೆಟ್ಟಿಗೆಯ ಬಾಯಿಗೆ ನೇರವಾಗಿ ಬಂದ ಕ್ಷಣದಲ್ಲಿ ಕನ್ನಡಿಯೊಳಗೆ ಅದರ ಬಿಂಬ ಮಿಂಚಿ ಮರೆಯಾಗುತ್ತದೆ; ಆಗ ಗಡಿಯಾರವನ್ನು ಚಾಲನೆಗೊಳಿಸಿ, ವಾಹನ ತನ್ನ ಮುಂದೆ ಹಾದಾಗ ನಿಲ್ಲಿಸಿದರೆ ಕಾಲ ಸಿಕ್ಕುತ್ತದೆ. ರಾತ್ರಿಯ ವೇಳೆ ರಸ್ತೆಯ ಆಚೆಬದಿಯಲ್ಲಿ ದೀಪವನ್ನಿಟ್ಟು ಅದರ ಬೆಳಕು ಕಡಿಯುವ ಕ್ಷಣವನ್ನು ಗುರುತಿಸುತ್ತಾರೆ.

ರೈಲಿನಲ್ಲಿ ಕುಳಿತ ಪ್ರಯಾಣಿಕನೂ ಈ ವಿಧಾನವನ್ನು ಅನುಸರಿಸಬಹುದು. ಕಿಲೋಮೀಟರು ಕಂಬದಿಂದ ಕಂಬಕ್ಕೆ ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿದರೆ ಗಂಟೆಗೆ ಇಷ್ಟು ಕಿಲೋಮೀಟರೆಂಬ ವೇಗ ದೊರೆಯುತ್ತದೆ. 13 ಮೀಟರು ಉದ್ದದ ಹಳಿಗಳನ್ನು ಜೋಡಿಸಿದ ಹಳೆಯ ಮಾರ್ಗಗಳಲ್ಲಿ ಗಾಲಿಯು ಕೀಲುಗಳನ್ನು ದಾಟುವ ಸದ್ದನ್ನು 46.8 ಸೆಕೆಂಡುಗಳ ಕಾಲ ಎಣಿಸಿದರೆ ಆ ಸಂಖ್ಯೆಯೇ ವೇಗವಾಗುತ್ತಿತ್ತು; ಹಳಿಗಳನ್ನು ಉದ್ದಕ್ಕೂ ಬೆಸೆದ ಮಾರ್ಗಗಳಲ್ಲಿ ಕೀಲುಗಳಿಲ್ಲದ ಕಾರಣ ಈ ಕ್ರಮ ಅಲ್ಲಿ ಸಾಗದು.

2. ದಿಕ್ಕೋನ ವಿಧಾನ. ಗಣಿತದ ರಚನೆಯಲ್ಲಿ ವಿವರಿಸಿದ ಸೂತ್ರವನ್ನೇ ನೇರವಾಗಿ ಬಳಸುವ ಈ ವಿಧಾನದಲ್ಲಿ ಲಂಬದೂರವನ್ನು ಮೊದಲು ಕಾಣಬೇಕು. ರಸ್ತೆಯನ್ನು ದಾಟದೆಯೇ ಇದನ್ನು ಸಾಧಿಸಲು, ವೀಕ್ಷಕನು ತನಗೆ ನೇರ ಎದುರಿಗೆ ವಾಹನಗಳ ಪಥದ ಅಂಚಿನಲ್ಲಿರುವ ಕಲ್ಲನ್ನೋ ಗೆರೆಯನ್ನೋ ಗುರುತಿಸಿಕೊಂಡು, ರಸ್ತೆಗೆ ಸಮಾಂತರವಾಗಿ ತನ್ನ ಬದಿಯಲ್ಲೇ 20 ಮೀಟರು ನಡೆದು, ಅಲ್ಲಿಂದ ಅದೇ ಗುರುತಿಗೂ ತಾನು ನಡೆದ ಗೆರೆಗೂ ನಡುವಣ ಕೋನವನ್ನು ಅಳೆಯಬೇಕು. ಆ ಕೋನ 56 ಡಿಗ್ರಿ ಇದ್ದರೆ, ಅದರ ಟ್ಯಾನ್ ಬೆಲೆ 1.483 ಆದುದರಿಂದ ಲಂಬದೂರ 29.7 ಮೀಟರು. ಬಳಿಕ ಎರಡು ನಿಶ್ಚಿತ ದಿಕ್ಕುಗಳಿಗೆ ಗೂಟಗಳನ್ನು ನೆಟ್ಟುಕೊಂಡರೆ ಪ್ರತಿ ವಾಹನಕ್ಕೂ ಕೋನವನ್ನು ಹೊಸದಾಗಿ ಅಳೆಯಬೇಕಾಗಿಲ್ಲ. ವಾಹನವು ಗೂಟದ ನೇರಕ್ಕೆ ಬಂದ ಎರಡು ಕ್ಷಣಗಳ ನಡುವಣ ಕಾಲವೊಂದೇ ಸಾಕು.

ರಸ್ತೆಯ ಆಚೆಬದಿಯ ಕಂಬಗಳನ್ನೋ ಕಟ್ಟಡದ ಮೂಲೆಗಳನ್ನೋ ಗುರುತುಗಳಾಗಿ ಹಿಡಿದಾಗ ಸಮರೂಪ ತ್ರಿಭುಜಗಳ ನಿಯಮವನ್ನು ಮರೆಯಬಾರದು. ಆಚೆಬದಿಯ ಗುರುತುಗಳು ವೀಕ್ಷಕನಿಂದ 20 ಮೀಟರು ದೂರದಲ್ಲಿ, ಪರಸ್ಪರ 40 ಮೀಟರು ಅಂತರದಲ್ಲಿದ್ದು, ವಾಹನವು 12 ಮೀಟರು ದೂರದ ಪಥದಲ್ಲಿ ಹೋಗುತ್ತಿದ್ದರೆ, ಗುರುತಿನಿಂದ ಗುರುತಿಗೆ ತೋರುವಾಗ ಅದು ವಾಸ್ತವವಾಗಿ ಕ್ರಮಿಸಿದ್ದು 24 ಮೀಟರು ಮಾತ್ರ. ಈ ತಿದ್ದುಪಡಿಯನ್ನು ಬಿಟ್ಟ ಲೆಕ್ಕದಲ್ಲಿ ವೇಗವು ನಿಜವಾದುದಕ್ಕಿಂತ ಮೂರರಲ್ಲಿ ಎರಡು ಪಾಲು ಅಧಿಕವಾಗಿ ತೋರುತ್ತದೆ.

3. ಅವನತ ಕೋನ ವಿಧಾನ. ಗೋಪುರ, ಮಹಡಿ ಅಥವಾ ಮೇಲ್ಸೇತುವೆಯಂಥ ಎತ್ತರದ ಸ್ಥಾನದಿಂದ, ಅದರ ಬುಡದತ್ತ ನೇರವಾಗಿ ಬರುವ ವಾಹನವನ್ನು ನೋಡುವ ವಿಧಾನವಿದು. ಕಣ್ಣಿನ ಎತ್ತರವನ್ನು ಮೊದಲಿನ ಮತ್ತು ಕೊನೆಯ ಅವನತ ಕೋನಗಳ ಕಾಟ್ ಬೆಲೆಗಳ ವ್ಯತ್ಯಾಸದಿಂದ ಗುಣಿಸಿದರೆ ಕ್ರಮಿಸಿದ ದೂರ ಬರುತ್ತದೆ. 8 ಮೀಟರು ಎತ್ತರದಿಂದ ನೋಡಿದಾಗ ಕೋನವು 10 ಡಿಗ್ರಿಯಿಂದ 20 ಡಿಗ್ರಿಗೆ 1.5 ಸೆಕೆಂಡುಗಳಲ್ಲಿ ಏರಿದರೆ ದೂರ 23.4 ಮೀಟರು, ವೇಗ ಗಂಟೆಗೆ 56 ಕಿಲೋಮೀಟರು. ಎತ್ತರ ತಿಳಿಯದಿದ್ದರೂ ಈ ವಿಧಾನದಿಂದ ಒಂದು ಸಂಗತಿಯನ್ನು ನಿರ್ಣಯಿಸಬಹುದು: ಸಮವೇಗದ ವಾಹನವೊಂದರ ಅವನತ ಕೋನವು 30 ಡಿಗ್ರಿಯಿಂದ 60 ಡಿಗ್ರಿಗೆ ಏರಲು 6 ಸೆಕೆಂಡು ಹಿಡಿದರೆ, ಅದು ಬುಡವನ್ನು ತಲುಪಲು ಇನ್ನು 3 ಸೆಕೆಂಡು ಬೇಕು, ಎತ್ತರವು ಎರಡು ದೂರಗಳಲ್ಲೂ ಸಮಾನ ಗುಣಕವಾಗಿರುವುದರಿಂದ ಅವುಗಳ ಅನುಪಾತದಲ್ಲಿ ಉಳಿಯುವುದಿಲ್ಲ.

4. ತೋರಿಕೆಯ ಗಾತ್ರದ ವಿಧಾನ. ವಾಹನವು ವೀಕ್ಷಕನತ್ತಲೇ ಬರುತ್ತಿರುವಾಗ ದಿಕ್ಕೋನ ಬದಲಾಗುವುದಿಲ್ಲ. ಬದಲಾಗುವುದು ಅದರ ಅಗಲವು ಕಣ್ಣಿನಲ್ಲಿ ಒಳಗೊಳ್ಳುವ ಕೋನ. 1.7 ಮೀಟರು ಅಗಲದ ಕಾರು 1 ಡಿಗ್ರಿಯನ್ನು ಒಳಗೊಂಡಾಗ 97.4 ಮೀಟರು, 2 ಡಿಗ್ರಿಯನ್ನು ಒಳಗೊಂಡಾಗ 48.7 ಮೀಟರು ದೂರದಲ್ಲಿರುತ್ತದೆ. ಈ ಏರಿಕೆಗೆ 3.5 ಸೆಕೆಂಡು ತಗಲಿದರೆ ವೇಗ ಗಂಟೆಗೆ 50 ಕಿಲೋಮೀಟರು. ಬರಿಗಣ್ಣಿಗಿಂತ ಛಾಯಾಚಿತ್ರದ ಮೇಲೆ ಅಳೆದಾಗಲೇ ಇದು ಪ್ರಯೋಜನಕ್ಕೆ ಬರುತ್ತದೆ.

5. ಚಿತ್ರಸರಣಿಯ ವಿಧಾನ. ನಿಶ್ಚಿತ ಕಾಲಾಂತರದಲ್ಲಿ ತೆಗೆದ ಚಿತ್ರಗಳು ಗಡಿಯಾರದ ಕೆಲಸವನ್ನೂ ಕೋನಮಾಪಕದ ಕೆಲಸವನ್ನೂ ಒಟ್ಟಿಗೆ ನಿರ್ವಹಿಸುತ್ತವೆ. 1878ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ನಿಲ್ಲಿಸಿದ ಕ್ಯಾಮರಾಗಳಿಂದ ಓಡುವ ಕುದುರೆಯನ್ನು 27 ಅಂಗುಲಗಳ ಅಂತರದಲ್ಲಿ ಚಿತ್ರಿಸಿದ್ದು ಈ ಮಾರ್ಗದ ಆದಿ. ಸೆಕೆಂಡಿಗೆ 25 ಚೌಕಟ್ಟುಗಳಿರುವ ವಿಡಿಯೊ ಚಿತ್ರದಲ್ಲಿ 12 ಮೀಟರು ಅಂತರದ ಎರಡು ಗುರುತುಗಳನ್ನು ವಾಹನವು 18 ಚೌಕಟ್ಟುಗಳಲ್ಲಿ ದಾಟಿದರೆ ಕಾಲ 0.72 ಸೆಕೆಂಡು, ವೇಗ ಗಂಟೆಗೆ 60 ಕಿಲೋಮೀಟರು. ರಸ್ತೆಯ ಮೇಲೆ ಗುರುತೇ ಇಲ್ಲದಿದ್ದರೆ, ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಒಂದೇ ಗೆರೆಯನ್ನು ದಾಟುವ ಕ್ಷಣಗಳನ್ನು ಎಣಿಸಿ, ತಯಾರಕರು ಪ್ರಕಟಿಸಿರುವ ಗಾಲಿಗಳ ನಡುವಣ ಅಂತರವನ್ನೇ ಆಧಾರರೇಖೆಯಾಗಿ ಹಿಡಿಯಬಹುದು.

6. ಜಾಡಿನ ವಿಧಾನ. ವಾಹನವನ್ನು ಯಾರೂ ಅಳೆಯದೆ ಹೋದಾಗ, ಅದು ನೆಲದ ಮೇಲೆ ಬಿಟ್ಟ ಗುರುತುಗಳಿಂದ ವೇಗವನ್ನು ಹಿಮ್ಮುಖವಾಗಿ ಸಾಧಿಸುವ ವಿಧಾನವಿದು. ಬ್ರೇಕು ಬಿಗಿದು ಗಾಲಿಗಳು ತಿರುಗದೆ ಜಾರಿದ ಜಾಡಿನ ಉದ್ದವನ್ನು ಮೀಟರುಗಳಲ್ಲಿ ಅಳೆದು, ಅದನ್ನು ಘರ್ಷಣ ಗುಣಾಂಕದಿಂದಲೂ 254ರಿಂದಲೂ ಗುಣಿಸಿ ವರ್ಗಮೂಲವನ್ನು ತೆಗೆದರೆ ಗಂಟೆಗೆ ಕಿಲೋಮೀಟರುಗಳಲ್ಲಿ ವೇಗ ಬರುತ್ತದೆ, ಗುಣಾಂಕ 0.7, ಜಾಡು 20 ಮೀಟರು ಆದರೆ ವೇಗ ಸುಮಾರು 60. ಇಳಿಜಾರಿನಲ್ಲಿ ಗುಣಾಂಕದಿಂದ ಇಳಿಜಾರಿನ ಕೋನದ ಟ್ಯಾನ್ ಬೆಲೆಯನ್ನು ಕಳೆಯಬೇಕು, ಏರಿನಲ್ಲಿ ಕೂಡಿಸಬೇಕು. ತಿರುವಿನಲ್ಲಿ ವಾಹನವು ಪಕ್ಕಕ್ಕೆ ಜಾರಿ ಬರೆದ ಕಮಾನಿನ ಜಾಡಿನಲ್ಲಾದರೆ, ಜ್ಯಾದ ಉದ್ದವನ್ನೂ ಜ್ಯಾದ ನಡುವಿನಿಂದ ಕಮಾನಿಗೆ ಇರುವ ಎತ್ತರವನ್ನೂ ಅಳೆದು, ಜ್ಯಾದ ವರ್ಗವನ್ನು ಎತ್ತರದ ಎಂಟು ಪಟ್ಟಿನಿಂದ ಭಾಗಿಸಿ, ಎತ್ತರದ ಅರ್ಧವನ್ನು ಕೂಡಿಸಿ ತ್ರಿಜ್ಯವನ್ನು ಪಡೆಯುತ್ತಾರೆ. ಜ್ಯಾ 20 ಮೀಟರು, ಎತ್ತರ ಅರ್ಧ ಮೀಟರು ಇದ್ದರೆ ತ್ರಿಜ್ಯ 100.25 ಮೀಟರು, ಘರ್ಷಣ ಗುಣಾಂಕ 0.7 ಇರುವ ಸಮತಟ್ಟಾದ ರಸ್ತೆಯಲ್ಲಿ ಅಂಥ ಜಾಡನ್ನು ಬರೆದ ವಾಹನದ ವೇಗ ಗಂಟೆಗೆ ಸುಮಾರು 94 ಕಿಲೋಮೀಟರು.

ಉಪಕರಣಗಳು

ಸರಳ ಪ್ರಯೋಗಕ್ಕೆ ಬೇಕಾದವು ಅಳತೆಯ ಟೇಪು, ವಿರಾಮ ಗಡಿಯಾರ ಮತ್ತು ಕೋನಮಾಪಕ ಮಾತ್ರ. ಅವನತ ಕೋನವನ್ನು ಅಳೆಯಲು ಶಾಲೆಯ ಕಂಪಾಸು ಪೆಟ್ಟಿಗೆಯ ಅರ್ಧವೃತ್ತಾಕಾರದ ಕೋನಮಾಪಕದ ನೇರ ಅಂಚಿಗೆ ಕೊಳವೆಯೊಂದನ್ನು ಅಂಟಿಸಿ, ಅದರ ಕೇಂದ್ರದಿಂದ ಸಣ್ಣ ಗುಂಡು ಕಟ್ಟಿದ ದಾರವನ್ನು ಇಳಿಬಿಡುತ್ತಾರೆ. ಕೊಳವೆಯು ಸಮತಲದಲ್ಲಿದ್ದಾಗ ದಾರವು 90ರ ಗೆರೆಯ ಮೇಲೆ ನಿಲ್ಲುತ್ತದೆ. ಕೊಳವೆಯ ಮೂಲಕ ವಾಹನವನ್ನು ನೋಡುವಾಗ ದಾರವು 90ರಿಂದ ಎಷ್ಟು ಸರಿಯುವುದೋ ಅದೇ ಅವನತ ಕೋನ. ಹೆಚ್ಚಿನ ನಿಖರತೆಗೆ ಸರ್ವೇ ಇಲಾಖೆಗಳು ಬಳಸುವ ಥಿಯೊಡೊಲೈಟ್ ಯಂತ್ರವನ್ನು ಆಶ್ರಯಿಸುವುದುಂಟು.

ದೋಷಗಳು ಮತ್ತು ಅವುಗಳ ನಿವಾರಣೆ

ಗಣನೆಯ ಫಲಕ್ಕೆ ಬೆಲೆ ಬರುವುದು ಅದರಲ್ಲಿ ಎಷ್ಟು ದೋಷ ನುಸುಳಿರಬಹುದೆಂಬ ಅರಿವಿನಿಂದ. 50 ಮೀಟರಿನ ಆಧಾರರೇಖೆಯನ್ನು ವಾಹನವು 3 ಸೆಕೆಂಡುಗಳಲ್ಲಿ ದಾಟಿದರೆ ವೇಗ ಗಂಟೆಗೆ 60 ಕಿಲೋಮೀಟರು. ಗಡಿಯಾರವನ್ನು ಒತ್ತುವುದರಲ್ಲಿ ಒಟ್ಟು 0.2 ಸೆಕೆಂಡಿನ ತಪ್ಪಾದರೆ ಫಲದಲ್ಲಿ ಸುಮಾರು 4 ಕಿಲೋಮೀಟರಿನ ವ್ಯತ್ಯಾಸ ಬರುತ್ತದೆ. ಒಬ್ಬನೇ ವೀಕ್ಷಕನು ಎರಡು ಕ್ಷಣಗಳನ್ನೂ ಗುರುತಿಸಿದರೆ ಅವನ ಪ್ರತಿಕ್ರಿಯೆಯ ವಿಳಂಬವು ಎರಡರಲ್ಲೂ ಬಹುಮಟ್ಟಿಗೆ ಸಮಾನವಾಗಿದ್ದು ಪರಸ್ಪರ ಕಳೆದುಹೋಗುತ್ತದೆ. ಆಧಾರರೇಖೆಯನ್ನು ಉದ್ದಗೊಳಿಸಿದಷ್ಟೂ ಕಾಲದ ದೋಷ ಕ್ಷೀಣಿಸುತ್ತದೆಯಾದರೂ, ಆ ಅಂತರದೊಳಗೆ ಚಾಲಕನು ವೇಗವನ್ನು ಬದಲಿಸಿರುವ ಸಂಭವವೂ ಅಷ್ಟೇ ಹೆಚ್ಚುತ್ತದೆ.

ಕೋನದ ದೋಷವು ಎಲ್ಲೆಡೆಯೂ ಏಕರೂಪವಾಗಿ ಫಲಿಸುವುದಿಲ್ಲ. ಲಂಬದೂರ 30 ಮೀಟರು ಇರುವಾಗ 1 ಡಿಗ್ರಿಯ ತಪ್ಪು 45 ಡಿಗ್ರಿ ದಿಕ್ಕೋನದಲ್ಲಿ ಸುಮಾರು 1 ಮೀಟರಿಗೂ, 60 ಡಿಗ್ರಿಯಲ್ಲಿ ಸುಮಾರು 2 ಮೀಟರಿಗೂ ಸಮವಾಗುತ್ತದೆ. ಆದುದರಿಂದ ದಿಕ್ಕೋನಗಳನ್ನು 45 ಡಿಗ್ರಿಯೊಳಗೆ ಇಟ್ಟುಕೊಳ್ಳುವುದು ಲೇಸು. ಅವನತ ಕೋನ ವಿಧಾನದಲ್ಲಿ ಕಿರಿದಾದ ಕೋನಗಳು ಇನ್ನೂ ಅಪಾಯಕರ. 8 ಮೀಟರು ಎತ್ತರದಿಂದ ನೋಡುವಾಗ 10 ಡಿಗ್ರಿಯನ್ನು 9 ಎಂದು ಓದಿದರೆ ವಾಹನದ ಸ್ಥಾನ 5 ಮೀಟರಿಗೂ ಮಿಕ್ಕಿ ತಪ್ಪುತ್ತದೆ.

ರೇಡಾರ್ ಮತ್ತು ಲೇಸರ್ ಉಪಕರಣಗಳಲ್ಲಿಯೂ ತ್ರಿಕೋನಮಿತಿಯ ದೋಷವೊಂದು ಉಳಿದಿದೆ. ಅವು ಅಳೆಯುವುದು ವಾಹನವು ಉಪಕರಣದತ್ತ ಸಮೀಪಿಸುವ ವೇಗವನ್ನು. ಅದು ನಿಜವೇಗ ಮತ್ತು ಓರೆಕೋನದ ಕೊಸೈನ್‌ಗಳ ಗುಣಲಬ್ಧ. ಓರೆಕೋನವು 10 ಡಿಗ್ರಿ ಇದ್ದರೆ ನೂರಕ್ಕೆ ಒಂದೂವರೆಯಷ್ಟೂ, 20 ಡಿಗ್ರಿ ಇದ್ದರೆ ನೂರಕ್ಕೆ 6ರಷ್ಟೂ, 30 ಡಿಗ್ರಿ ಇದ್ದರೆ ನೂರಕ್ಕೆ 13ಕ್ಕಿಂತ ಹೆಚ್ಚಾಗಿಯೂ ವೇಗವು ಕಡಮೆಯಾಗಿ ತೋರುತ್ತದೆ. ಸ್ಥಿರವಾಗಿ ನಿಲ್ಲಿಸಿದ ಉಪಕರಣದಲ್ಲಿ ಈ ದೋಷವು ಯಾವಾಗಲೂ ಚಾಲಕನಿಗೆ ಅನುಕೂಲವಾಗಿಯೇ ಇರುತ್ತದೆ.

ಉಪಯೋಗಗಳು

ಸಂಚಾರ ಇಂಜಿನಿಯರಿಂಗಿನಲ್ಲಿ ಒಂದು ಸ್ಥಳದಲ್ಲಿ ಹಾಯುವ ಅನೇಕ ವಾಹನಗಳ ವೇಗವನ್ನು ದಾಖಲಿಸಿ ಕ್ರಮವಾಗಿ ಜೋಡಿಸುತ್ತಾರೆ. ನೂರಕ್ಕೆ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದನ್ನು ಆಧರಿಸಿ ವೇಗಮಿತಿಯನ್ನು ಗೊತ್ತುಪಡಿಸುವುದೂ, ನೂರಕ್ಕೆ 98ರ ಮಟ್ಟದ ವೇಗವನ್ನು ರಸ್ತೆಯ ವಿನ್ಯಾಸಕ್ಕೆ ಆಧಾರವಾಗಿ ಹಿಡಿಯುವುದೂ ರೂಢಿಯಲ್ಲಿದೆ. ಸರಾಸರಿಯನ್ನು ತೆಗೆಯುವುದರಲ್ಲಿ, ಒಂದು ಬಿಂದುವಿನಲ್ಲಿ ಕಂಡ ವೇಗಗಳ ಸರಾಸರಿಯನ್ನೂ ಒಂದು ಅಂತರದ ಮೇಲಣ ಸರಾಸರಿಯನ್ನೂ ಬೇರೆಯಾಗಿ ಗಣಿಸಬೇಕು. ಒಂದು ವಾಹನ ಗಂಟೆಗೆ 60, ಮತ್ತೊಂದು 30 ಕಿಲೋಮೀಟರು ವೇಗದಲ್ಲಿ ಹೋದರೆ ಮೊದಲನೆಯ ಸರಾಸರಿ 45. ಎರಡೂ ಒಂದೇ ಅಂತರವನ್ನು ದಾಟಲು ಹಿಡಿದ ಒಟ್ಟು ಕಾಲದಿಂದ ತೆಗೆದ ಎರಡನೆಯ ಸರಾಸರಿ 40.

ಅಪಘಾತಗಳ ತನಿಖೆಯಲ್ಲಿ ಜಾಡಿನ ವಿಧಾನವೂ, ಅಂಗಡಿ ಮನೆಗಳ ಕಾವಲು ಕ್ಯಾಮರಾಗಳಲ್ಲಿ ಉಳಿದ ಚಿತ್ರಸರಣಿಯ ವಿಧಾನವೂ ಪರಸ್ಪರ ಪರೀಕ್ಷೆಯಾಗಿ ಒದಗುತ್ತವೆ. ಶಿಕ್ಷಣದಲ್ಲಿ, ಕರ್ನಾಟಕದ ಹತ್ತನೆಯ ತರಗತಿಯ ಗಣಿತ ಪಠ್ಯದ ತ್ರಿಕೋನಮಿತಿಯ ಅನ್ವಯಗಳ ಅಧ್ಯಾಯದಲ್ಲಿ ಗೋಪುರದ ಮೇಲಿಂದ ಹೆದ್ದಾರಿಯ ಕಾರನ್ನು ನೋಡುವ ಸಮಸ್ಯೆ ಸ್ಥಾನ ಪಡೆದಿದೆ.

ಪ್ರಸ್ತುತ ಸ್ಥಿತಿ

ವೇಗಮಿತಿಯ ಪಾಲನೆಯಲ್ಲಿ ವಿರಾಮ ಗಡಿಯಾರ ಮತ್ತು ಕನ್ನಡಿಪೆಟ್ಟಿಗೆಗಳ ಸ್ಥಾನವನ್ನು ರೇಡಾರ್, ಲೇಸರ್ ಮತ್ತು ಕ್ಯಾಮರಾಗಳು ಆಕ್ರಮಿಸಿವೆ. 24.15 ಗಿಗಾಹರ್ಟ್ಸ್ ಆವೃತ್ತಿಯ ರೇಡಾರಿನಲ್ಲಿ ಗಂಟೆಗೆ 1 ಕಿಲೋಮೀಟರು ವೇಗವು ಸುಮಾರು 44.8 ಹರ್ಟ್ಸ್ ಆವೃತ್ತಿಯ ವ್ಯತ್ಯಾಸವನ್ನುಂಟುಮಾಡುತ್ತದೆ. ಲೇಸರ್ ಉಪಕರಣವು ಅವಕೆಂಪು ಬೆಳಕಿನ ಸ್ಪಂದನಗಳನ್ನು ಕಳುಹಿ, ಅವು ಮರಳುವ ಕಾಲದಿಂದ ವಾಹನದ ದೂರವನ್ನು ಮೇಲಿಂದ ಮೇಲೆ ಅಳೆದು ವೇಗವನ್ನು ಕಾಣುತ್ತದೆ. ಎರಡು ಸ್ಥಳಗಳಲ್ಲಿ ನೋಂದಣಿ ಫಲಕವನ್ನು ಓದುವ ಕ್ಯಾಮರಾಗಳನ್ನಿಟ್ಟು ನಡುವಣ ಅಂತರದ ಸರಾಸರಿ ವೇಗವನ್ನು ತೆಗೆಯುವ ವ್ಯವಸ್ಥೆಯಾದರೋ ಅಳೆದ ಅಂತರದ ವಿಧಾನದ್ದೇ ವಿಸ್ತೃತ ರೂಪ. ಬ್ರಿಟನ್ನಿನ ಗಾಟ್ಸೊ ಕ್ಯಾಮರಾಗಳು ರೇಡಾರಿನ ಫಲವನ್ನು ಪರಿಶೀಲಿಸುವುದಕ್ಕಾಗಿ ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಚಿತ್ರಗಳನ್ನು ತೆಗೆಯುತ್ತವೆ. ರಸ್ತೆಯ ಮೇಲೆ ಬಳಿದ ಬಿಳಿಯ ಗೆರೆಗಳಲ್ಲಿ ವಾಹನವು ಎಷ್ಟನ್ನು ದಾಟಿತೆಂದು ಎಣಿಸುವುದೇ ಆ ಪರಿಶೀಲನೆ.

ಓರೆಯಾಗಿ ನೋಡುವ ಕ್ಯಾಮರಾದ ಚಿತ್ರವನ್ನು, ರಸ್ತೆಯ ಮೇಲೆ ಸ್ಥಾನ ತಿಳಿದ ನಾಲ್ಕು ಬಿಂದುಗಳ ಸಹಾಯದಿಂದ, ಮೇಲಿನಿಂದ ಲಂಬವಾಗಿ ಕಂಡ ನಕ್ಷೆಯನ್ನಾಗಿ ಪರಿವರ್ತಿಸುವ ಗಣಕವಿಧಾನಗಳು ಈಗ ಸಾಮಾನ್ಯವಾಗಿವೆ. ಇದರಿಂದ ಒಂದೇ ಕ್ಯಾಮರಾ ಏಕಕಾಲದಲ್ಲಿ ಅನೇಕ ಪಥಗಳ ವಾಹನಗಳ ವೇಗವನ್ನು ಗಣಿಸಬಲ್ಲದು.

ಭಾರತದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮದ 112ನೆಯ ಪ್ರಕರಣ ವೇಗಮಿತಿಯನ್ನೂ 183ನೆಯ ಪ್ರಕರಣ ಅದರ ಉಲ್ಲಂಘನೆಗೆ ದಂಡನೆಯನ್ನೂ ವಿಧಿಸುತ್ತವೆ. 2021ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ಸೇರಿದ 167ಎ ನಿಯಮವು ವಿದ್ಯುನ್ಮಾನ ಉಪಕರಣಗಳಿಗೆ ಅಂಗೀಕಾರಪತ್ರವನ್ನೂ ಅದರ ವಾರ್ಷಿಕ ನವೀಕರಣವನ್ನೂ ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ 2023ರಲ್ಲಿ ಉದ್ಘಾಟಿತವಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅದೇ ವರ್ಷ ಪೊಲೀಸರು ರೇಡಾರ್ ವೇಗಮಾಪಕಗಳನ್ನು ಬಳಕೆಗೆ ತಂದರು. ವಾಹನವು ಮಿತಿ ಮೀರಿತ್ತೆಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಮಾತ್ರ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಕೂಡದೆಂದೂ, ಆ ಅಭಿಪ್ರಾಯವು ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದಿಂದ ಪಡೆದ ಅಂದಾಜನ್ನು ಆಧರಿಸಿರಬೇಕೆಂದೂ 183ನೆಯ ಪ್ರಕರಣವೇ ವಿಧಿಸುತ್ತದೆ. ಆದುದರಿಂದ ಟೇಪು ಮತ್ತು ಕೋನಮಾಪಕಗಳ ಗಣನೆಗೆ ಇಂದು ಉಳಿದಿರುವ ಕ್ಷೇತ್ರಗಳು ಬೋಧನೆ, ಸ್ಥಳೀಯ ಸಂಚಾರದ ಪ್ರಾಥಮಿಕ ಅಧ್ಯಯನ ಮತ್ತು ಉಪಕರಣಗಳ ಫಲವನ್ನು ಸ್ವತಂತ್ರವಾಗಿ ಪರೀಕ್ಷಿಸುವ ಕಾರ್ಯ ಎಂಬ ಮೂರು.